ಡೋಡೋ ಹೋಯಿತು, ನೆಂಟ ಉಳಿದಿದೆ

ನಿಕೋಬಾರ್ ಪಾರಿವಾಳದ ಚಿತ್ರ ತೋರಿಸಿದರೆ ‘ಇದು ಪಾರಿವಾಳವಾ?’ ಎಂದು ಕೇಳುವವರೇ ಜಾಸ್ತಿ. ಬೆನ್ನಿನ ಮೇಲೆ ಹಸಿರು, ತಾಮ್ರದ ಹೊಳಪು. ಕುತ್ತಿಗೆಯಿಂದ ಇಳಿಬಿದ್ದ ಉದ್ದನೆಯ ಗರಿಗಳು. ಬಾಲ ಮಾತ್ರ ಗಿಡ್ಡ, ಅಚ್ಚ ಬಿಳಿ.

ಈ ಹಕ್ಕಿ, ಅಳಿದುಹೋದ ಡೋಡೋ ಎಂಬ ದೊಡ್ಡ ಹಕ್ಕಿಗೆ ನೆಂಟ. ಆಕ್ಸ್‌ಫರ್ಡ್ ಮ್ಯೂಸಿಯಂನಲ್ಲಿ ಉಳಿದಿದ್ದ ಡೋಡೋವಿನ ಡಿಎನ್‌ಎ ಹೋಲಿಸಿ ನೋಡಿದ ಅಧ್ಯಯನ 2002ರಲ್ಲಿ ಬಂತು. ಈಗ ಬದುಕಿರುವ ಪಾರಿವಾಳಗಳಲ್ಲಿ ನಿಕೋಬಾರ್ ಪಾರಿವಾಳವೇ ಅದಕ್ಕೆ ಅತಿ ಹತ್ತಿರ ಎಂದು ಗೊತ್ತಾಯಿತು. ಹಾಗಂತ ಡೋಡೋ ಇದರಿಂದ ಹುಟ್ಟಿತು ಎಂದುಕೊಳ್ಳಬೇಡಿ. ಇವು ದೂರದ ದಾಯಾದಿಗಳಿದ್ದ ಹಾಗೆ. ಮಾರಿಷಸ್‌ನಲ್ಲಿ ಡೋಡೋ, ಪಕ್ಕದ ರಾಡ್ರಿಗಸ್ ದ್ವೀಪದಲ್ಲಿ ಸಾಲಿಟೇರ್ ಎಂಬ ಇನ್ನೊಂದು ದೊಡ್ಡ ಹಕ್ಕಿ. ಎರಡೂ ಹಾರುವುದನ್ನೇ ಬಿಟ್ಟಿದ್ದವು. ನೆಲದ ಮೇಲೆ ಅಟ್ಟಿಸಿಕೊಂಡು ಬರುವ ಪ್ರಾಣಿಯೇ ಇಲ್ಲದಿದ್ದಾಗ ಹಾರುವುದೇಕೆ, ಅಲ್ವಾ? 1598ರಲ್ಲಿ ಡಚ್ಚರು ಮಾರಿಷಸ್‌ಗೆ ಬಂದಿಳಿದರು. ಹಡಗುಗಳಲ್ಲಿ ಬಂದ ಇಲಿ, ಹಂದಿ, ಕೋತಿಗಳು ಮೊಟ್ಟೆಗಳನ್ನು ಬಿಡಲಿಲ್ಲ. 17ನೇ ಶತಮಾನ ಮುಗಿಯುವಷ್ಟರಲ್ಲಿ ಡೋಡೋ ಇರಲಿಲ್ಲ. ಸಾಲಿಟೇರ್ ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬಾಳಿತು, ಅಷ್ಟೇ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ನೆಂಟ, ಚುಕ್ಕೆಗಳ ಹಸಿರು ಪಾರಿವಾಳ. ಇಡೀ ಜಗತ್ತಿನಲ್ಲಿ ಉಳಿದಿರುವುದು ಒಂದೇ ಒಂದು ಒಣಗಿದ ದೇಹ, ಲಿವರ್‌ಪೂಲ್‌ನ ಮ್ಯೂಸಿಯಂನಲ್ಲಿ. ಯಾವ ದ್ವೀಪದಿಂದ ತಂದರು ಎಂದು ಯಾರೂ ಬರೆದಿಟ್ಟಿಲ್ಲ. 2014ರ ಡಿಎನ್‌ಎ ಅಧ್ಯಯನ ಅದನ್ನೂ ಇದೇ ಬಳಗಕ್ಕೆ ಸೇರಿಸಿತು. ಒಂದು ಚೀಟಿ ಬರೆಯದೆ ಹೋದದ್ದಕ್ಕೆ ಒಂದು ಜಾತಿಯ ತವರೇ ಕಳೆದುಹೋಗಿದೆ. ಇದೇ ಬಳಗದ ಇನ್ನೊಂದು ಅಳಿದ ಹಕ್ಕಿ, ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಕನಕ ಪಾರಿವಾಳದ ಗುರುತೂ ಬರೀ ಮೂಳೆಗಳಲ್ಲೇ ಸಿಕ್ಕಿದೆ.

ಮತ್ತೆ ನಿಕೋಬಾರ್ ಪಾರಿವಾಳ ಹೇಗೆ ಉಳಿಯಿತು? ಅದು ಹಾರುವುದನ್ನು ಬಿಡಲಿಲ್ಲ. ಅಂಡಮಾನ್-ನಿಕೋಬಾರ್‌ನಿಂದ ಸಾಲೊಮನ್ ದ್ವೀಪಗಳವರೆಗೆ ಹರಡಿಕೊಂಡಿದೆ. ಹಣ್ಣು, ಬೀಜ ಹುಡುಕುತ್ತಾ ಗುಂಪುಗುಂಪಾಗಿ ದ್ವೀಪದಿಂದ ದ್ವೀಪಕ್ಕೆ ಸಮುದ್ರ ದಾಟುತ್ತದೆ. ನಸುಕಿನಲ್ಲಿ ಹಿಂದಿನ ಹಕ್ಕಿಗೆ ಮುಂದಿನದರ ಬಿಳಿ ಬಾಲವೇ ದಾರಿ ತೋರಿಸುತ್ತಿರಬಹುದು ಎನ್ನುತ್ತಾರೆ. ಮರಿಗಳ ಬಾಲ ಕಪ್ಪಾಗಿರುತ್ತದೆ.

ಆದರೆ ಗೂಡು ಕಟ್ಟಲು ಅದಕ್ಕೆ ಬೇಟೆಗಾರ ಪ್ರಾಣಿಗಳಿಲ್ಲದ ಪುಟ್ಟ ದ್ವೀಪಗಳೇ ಬೇಕು. ಇಡುವುದು ಒಂದೇ ಮೊಟ್ಟೆ. ಹಾಗಾಗಿ ಹಕ್ಕಿಗಳ ಎಣಿಕೆಗಿಂತ ಇಂಥ ದ್ವೀಪಗಳ ಎಣಿಕೆ ನನಗೆ ಮುಖ್ಯ. ನಿಕೋಬಾರಿನ ಬಟ್ಟಿಮಾಲ್ವ್ ಅಂಥ ಒಂದು ದ್ವೀಪ. ಜನ ವಾಸವಿಲ್ಲ, ವನ್ಯಜೀವಿ ಧಾಮ. ಅಲ್ಲಿಗೆ ಹೋಗುವ ಪ್ರತಿ ದೋಣಿಯಲ್ಲೂ, ದಡ ಬಿಡುವ ಮುಂಚೆಯೇ, ಮೂಟೆಗಳ ಸಂದಿಯಲ್ಲಿ ಇಲಿ ಇದೆಯಾ ಎಂದು ಹುಡುಕಬೇಕು.