ಸ್ವಾಹಿಲಿ ಕರಾವಳಿಯ ಕಲ್ಲಿನ ಪಟ್ಟಣಗಳನ್ನು ಕಟ್ಟಿದವರು ಯಾರು?

ಪ್ರಶ್ನೆ: ಪೂರ್ವ ಆಫ್ರಿಕದ ಕಿಲ್ವಾ, ಲಾಮು ಮೊದಲಾದ ಹಳೆಯ ಪಟ್ಟಣಗಳನ್ನು ಅರಬರು ಅಥವಾ ಪರ್ಷಿಯನ್ನರು ಕಟ್ಟಿದರೆಂದು ಕೆಲವರು, ಆಫ್ರಿಕನ್ನರೇ ಕಟ್ಟಿದರೆಂದು ಕೆಲವರು ಬರೆಯುತ್ತಾರೆ. ಯಾವುದು ಸರಿ?

ಉತ್ತರ: ಕಟ್ಟಿದವರು ಆಫ್ರಿಕನ್ನರೇ; ಆದರೆ ಅವರಲ್ಲಿ ಅನೇಕರ ವಂಶದಲ್ಲಿ ಕಡಲು ದಾಟಿ ಬಂದ ಪೂರ್ವಜರೂ ಇದ್ದರು.

ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಈ ಪಟ್ಟಣಗಳನ್ನು ಹೊರಗಿನವರ ವಸಾಹತುಗಳೆಂದೇ ಬಗೆಯಲಾಗುತ್ತಿತ್ತು. ಆಫ್ರಿಕನ್ನರು ಕಲ್ಲಿನಲ್ಲಿ ಕಟ್ಟಬಲ್ಲರೆಂದು ಒಪ್ಪಿಕೊಳ್ಳಲು ಆಳುವವರಿಗೆ ಮನಸ್ಸಿರಲಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಪಟ್ಟಣದ ಮನೆತನಗಳು ತಾವು ಪರ್ಷಿಯದ ಶಿರಾಜ್‌ನಿಂದ ಬಂದವರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುದು ಇನ್ನೊಂದು ಕಾರಣ.

ಈ ನಂಬಿಕೆಯನ್ನು ಅಲುಗಾಡಿಸಿದ್ದು ಉತ್ಖನನ. ಕೆನ್ಯಾದ ಪಾಟೆ ದ್ವೀಪದಲ್ಲಿರುವ ಶಾಂಗಾ ಎಂಬ ಪಾಳು ಊರನ್ನು 1980ರ ದಶಕದಲ್ಲಿ ಅಗೆದಾಗ, ಕಲ್ಲಿನ ಮಸೀದಿಯ ಅಡಿಯಲ್ಲಿ ಒಂದರ ಕೆಳಗೊಂದರಂತೆ ಹಳೆಯ ಮಸೀದಿಗಳ ಕುರುಹುಗಳು ಸಿಕ್ಕವು. ತೀರ ಕೆಳಗಿನದು 8ನೇ ಶತಮಾನದ ಕೊನೆಯ, ಮರದ ಕಂಬಗಳ ಪುಟ್ಟ ಕಟ್ಟಡ. ಮನೆಗಳೂ ಹಾಗೆಯೇ: ಮೊದಲು ಮಣ್ಣು ಮೆತ್ತಿದ ಗೋಡೆ, ಆಮೇಲೆ ಮರ, ಕೊನೆಗೆ ಹವಳದ ಕಲ್ಲು. ಹೊರಗಿನವರು ಬಂದು ಒಮ್ಮೆಲೇ ಎಬ್ಬಿಸಿದ ಊರಾಗಿದ್ದರೆ ಇಂಥ ಅನುಕ್ರಮ ಕಾಣುತ್ತಿರಲಿಲ್ಲ.

ಪಟ್ಟಣಗಳನ್ನು ಬೆಳೆಸಿದ್ದು ವ್ಯಾಪಾರ. ಈಶಾನ್ಯದ ಗಾಳಿ ಬೀಸುವ ತಿಂಗಳುಗಳಲ್ಲಿ ಅರೇಬಿಯ ಮತ್ತು ಗುಜರಾತಿನ ಹಡಗುಗಳು ಆಫ್ರಿಕದತ್ತ ಸಾಗುತ್ತಿದ್ದವು. ನಮಗೆ ಮುಂಗಾರನ್ನು ತರುವ ನೈರುತ್ಯ ಮಾರುತವೇ ಅವನ್ನು ಹಿಂದಕ್ಕೆ ಒಯ್ಯುತ್ತಿತ್ತು. ಬಟ್ಟೆ, ಗಾಜಿನ ಮಣಿ, ಪಿಂಗಾಣಿ ಬಂದಿಳಿಯುತ್ತಿದ್ದವು. ಚಿನ್ನ, ದಂತ, ಮನೆ ಕಟ್ಟಲು ಬೇಕಾದ ಕಾಂಡ್ಲಾ ಮರದ ತೊಲೆಗಳು ಹೋಗುತ್ತಿದ್ದವು. ಗುಲಾಮರಾಗಿ ಮಾರಿದ ಮನುಷ್ಯರೂ ಅದೇ ಹಡಗುಗಳನ್ನು ಏರಬೇಕಾಗಿತ್ತೆಂಬುದನ್ನು ಮರೆಯುವಂತಿಲ್ಲ. ಗಾಳಿ ತಿರುಗುವವರೆಗೆ ವರ್ತಕರು ದಡದಲ್ಲೇ ಕಾಯಬೇಕಾಗಿದ್ದುದರಿಂದ ವಸತಿ, ಪರಿಚಯ, ಮದುವೆ ಎಲ್ಲವೂ ವ್ಯಾಪಾರದ ಜೊತೆಗೇ ಬೆಳೆದವು.

ಇದರ ಅತ್ಯಂತ ಶ್ರೀಮಂತ ಉದಾಹರಣೆ ಇಂದಿನ ಟಾಂಜಾನಿಯದ ದಕ್ಷಿಣ ತೀರದ ಕಿಲ್ವಾ ದ್ವೀಪ. ಜಿಂಬಾಬ್ವೆಯ ಪ್ರಸ್ಥಭೂಮಿಯಲ್ಲಿ ತೆಗೆದ ಚಿನ್ನವು ಸೊಫಾಲ ಬಂದರಿನ ಮೂಲಕ ಈ ಪಟ್ಟಣದವರ ಕೈಗೆ ಬರುತ್ತಿತ್ತು. 14ನೇ ಶತಮಾನದ ಮೊದಲ ಭಾಗದಲ್ಲಿ ಸುಲ್ತಾನ ಅಲ್-ಹಸನ್ ಇಬ್ನ್ ಸುಲೈಮಾನ್ ಸಮುದ್ರಕ್ಕೆ ಎದುರಾಗಿರುವ ದಿಬ್ಬದ ಮೇಲೆ ಹುಸುನಿ ಕುಬ್ವಾ ಅರಮನೆಯನ್ನು ಕಟ್ಟಿಸಿದನು. ಅದರ ಎಂಟು ಮೂಲೆಯ ಈಜುಕೊಳ ಇಂದಿಗೂ ಉಳಿದಿದೆ. ಅದರ ವಾಸ್ತುಶೈಲಿಯಲ್ಲಿ ಹೊರದೇಶದ ಪ್ರಭಾವ ಎದ್ದು ಕಾಣುತ್ತದೆ. ಆದರೆ ವಿಜಯನಗರದ ಕಮಲ ಮಹಲಿನಲ್ಲಿ ಇಸ್ಲಾಮೀ ಶೈಲಿಯ ಕಮಾನುಗಳಿವೆಯೆಂದು ಅದನ್ನು ಹೊರಗಿನವರ ಕಟ್ಟಡವೆಂದು ನಾವು ಹೇಳುವುದಿಲ್ಲವಷ್ಟೆ. 1331ರಲ್ಲಿ ಕಿಲ್ವಾಕ್ಕೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಅದನ್ನು ಅತ್ಯಂತ ಸುಂದರ ಪಟ್ಟಣಗಳಲ್ಲಿ ಒಂದೆಂದು ಹೊಗಳಿದ್ದಲ್ಲದೆ, ಅಲ್ಲಿನ ಬಹುಪಾಲು ನಿವಾಸಿಗಳು ಕಪ್ಪು ಮೈಬಣ್ಣದ, ಮುಖದ ಮೇಲೆ ಗುರುತುಗಳುಳ್ಳ ಜನರೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಅದೇ ಸುಲ್ತಾನನ ಹೆಸರಿರುವ ತಾಮ್ರದ ನಾಣ್ಯವೊಂದು ಒಳನಾಡಿನ ಗ್ರೇಟ್ ಜಿಂಬಾಬ್ವೆ ಎಂಬ ಹಳೆಯ ನಗರದ ಕಲ್ಲುಗೋಡೆಗಳ ನಡುವೆ ಸಿಕ್ಕಿದೆ.

ಹಾಗಾದರೆ ಶಿರಾಜ್‌ನ ಕಥೆ ಬರೀ ಕಟ್ಟುಕಥೆಯೇ? ಅಲ್ಲ. ಸುಮಾರು 1250ರಿಂದ 1800ರವರೆಗಿನ ಕಾಲದ, ಈ ಭಾಗದ 80 ಜನರ ಅವಶೇಷಗಳಿಂದ ಪಡೆದ ಡಿಎನ್‌ಎಯನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವು, ಇವರಲ್ಲಿ ಅನೇಕರ ತಾಯಿಯ ಕಡೆಯ ವಂಶ ಬಹುಮಟ್ಟಿಗೆ ಆಫ್ರಿಕದ್ದು, ತಂದೆಯ ಕಡೆಯದು ಹೆಚ್ಚಾಗಿ ಪರ್ಷಿಯದ್ದು ಎಂದು ತೋರಿಸಿತು. ಭಾರತ ಮೂಲದ ಸಣ್ಣ ಪಾಲೂ ಅದರಲ್ಲಿತ್ತು. ಈ ಬೆರಕೆ ಆರಂಭವಾದದ್ದು ಸುಮಾರು ಕ್ರಿ.ಶ. 1000ರ ಹೊತ್ತಿಗೆ, ಅಂದರೆ ಶಾಂಗಾದಂಥ ಊರುಗಳು ನೆಲೆಗೊಂಡ ನಂತರ. ಬಂದವರು ತಮ್ಮ ನುಡಿಯನ್ನು ಹೇರಲಿಲ್ಲ. ಅರಬ್ಬಿಯಿಂದ ಸಾಕಷ್ಟು ಪದಗಳನ್ನು ಪಡೆದಿದ್ದರೂ ಈ ಕರಾವಳಿಯ ಸ್ವಾಹಿಲಿ ನುಡಿಯ ವ್ಯಾಕರಣ ಆಫ್ರಿಕದ ಬಾಂಟು ಭಾಷಾ ಕುಟುಂಬದ್ದೇ. ಇಂಥ ಸಂಬಂಧಗಳು ಇನ್ನೂ ಹಳೆಯವು: ಕ್ರಿ.ಶ. 1ನೇ ಶತಮಾನದ ಗ್ರೀಕ್ ನೌಕಾ ಕೈಪಿಡಿಯೊಂದು, ಇದೇ ತೀರದ ರಾಪ್ಟಾ ಎಂಬ ಬಂದರಿಗೆ ಬರುವ ಅರಬ್ ನಾವಿಕರು ಸ್ಥಳೀಯರೊಡನೆ ವಿವಾಹ ಸಂಬಂಧ ಬೆಳೆಸಿ ಅವರ ಭಾಷೆಯನ್ನೂ ಬಲ್ಲವರಾಗಿದ್ದರೆಂದು ದಾಖಲಿಸಿದೆ.