ಡೆಕಾಲ್ ಅಡಿಯ ಬೆಳ್ಳಿ ಮಸುಕು: ನನ್ನ ಅಧ್ಯಯನ ಟಿಪ್ಪಣಿ

1963ರಿಂದ 2025ರವರೆಗೆ ಭಾರತೀಯ ವಾಯುಪಡೆಯಲ್ಲಿದ್ದ ಮಿಗ್-21ರ 1:72 ಅಳತೆಯ ಮಾದರಿಯನ್ನು ರಾಯಚೂರಿನ ನಮ್ಮ ಮನೆಯಲ್ಲಿ ಮುಗಿಸುತ್ತಿದ್ದಾಗ ಎಡ ರೆಕ್ಕೆಯ ಲಾಂಛನ ಕೆಟ್ಟಿತು, ಬಲ ರೆಕ್ಕೆಯದು ಸರಿಯಾಗಿ ಕೂತಿತು. ಆ ವ್ಯತ್ಯಾಸದ ಕಾರಣ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಡೆಕಾಲನ್ನು, ಅಂದರೆ ತೆಳುವಾದ ಪಾರದರ್ಶಕ ಪೊರೆಯ ಮೇಲೆ ಮುದ್ರಿಸಿದ ಲಾಂಛನ ಅಥವಾ ಅಂಕಿಯನ್ನು, ನೀರಿನಲ್ಲಿ ನೆನೆಸಿ ಕಾಗದದಿಂದ ಜಾರಿಸುವ ಕ್ರಮ ಕಿಟ್‌ನ ಸೂಚನಾಪತ್ರದಲ್ಲೇ ಇರುವುದರಿಂದ ಅದನ್ನು ಬಿಟ್ಟಿದ್ದೇನೆ.

ಬೆಳ್ಳಿ ಮಸುಕು

ಹೊರಗೆ ಹಸಿರು, ನಡುವೆ ಬಿಳಿ, ಒಳಗೆ ಕೇಸರಿ ಇರುವ ಲಾಂಛನದ ಸುತ್ತಲಿನ ಪಾರದರ್ಶಕ ಅಂಚು ಒಣಗಿದ ಮೇಲೆ ಬೆಳ್ಳಗೆ ಮಿನುಗತೊಡಗಿತು. ಅಂಟು ಸಾಲದೆಂದು ಭಾವಿಸಿ ಬೆರಳಿನಿಂದ ಒತ್ತಿದೆ, ಬಿಳಿ ಅಂಟನ್ನು ನೀರಿಗೆ ಬೆರೆಸಿ ಸವರಿದೆ, ಏನೂ ಬದಲಾಗಲಿಲ್ಲ. ತಪ್ಪಿದ್ದದ್ದು ಅಂಟಿನಲ್ಲಲ್ಲ, ಪೊರೆಯ ಅಡಿಯಲ್ಲಿ ಉಳಿದಿದ್ದ ಗಾಳಿಯಲ್ಲಿ. ಮ್ಯಾಟ್, ಅಂದರೆ ಹೊಳಪಿಲ್ಲದ, ಬಣ್ಣದ ಮೈ ಬರಿಗಣ್ಣಿಗೆ ಸಮವಾಗಿ ಕಂಡರೂ ಸೂಕ್ಷ್ಮ ತಗ್ಗುದಿಣ್ಣೆಗಳಿಂದ ತುಂಬಿರುತ್ತದೆ. ಡೆಕಾಲ್ ದಿಣ್ಣೆಗಳ ತುದಿಯ ಮೇಲೆ ಮಾತ್ರ ಕೂರುತ್ತದೆ, ತಗ್ಗುಗಳಲ್ಲಿನ ಗಾಳಿ ಬೆಳಕನ್ನು ಚದುರಿಸಿ ಹಿಂದಕ್ಕೆ ಕಳಿಸುತ್ತದೆ. ಬಚ್ಚಲುಮನೆಯ ಕಿಟಕಿಯ ಮಸುಕು ಗಾಜಿನ ಒರಟು ಮೈಗೆ ನೀರು ಸವರಿದರೆ ಆಚೆಗಿನದು ಸ್ಪಷ್ಟವಾಗುವುದನ್ನು ನೋಡಿರುತ್ತೀರಿ. ತಗ್ಗುಗಳಲ್ಲಿ ಗಾಳಿಯ ಬದಲು ನೀರು ತುಂಬುವುದೇ ಅಲ್ಲಿಯ ಕಾರಣ, ಇಲ್ಲಿಯ ಪರಿಹಾರವೂ ಅದೇ ತರ್ಕದ್ದು.

ಆದ್ದರಿಂದ ಡೆಕಾಲಿಗೆ ಮೊದಲು ಹೊಳಪಿನ ವಾರ್ನಿಷ್ ಬಳಿಯಬೇಕು. ಕೊನೆಗೆ ಮ್ಯಾಟ್ ಆಗಿಯೇ ಕಾಣಬೇಕಾದ ವಿಮಾನಕ್ಕೆ ಮೊದಲು ಹೊಳಪೇಕೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಎಡ ರೆಕ್ಕೆಗೆ ಅದನ್ನು ಬಳಿಯದೆ ಬಿಟ್ಟದ್ದೂ ಅದಕ್ಕೇ. ಹೊಳಪಿನ ಪದರ ತಗ್ಗುಗಳನ್ನು ತುಂಬಲು ಮಾತ್ರ. ಡೆಕಾಲ್ ಒಣಗಿದ ಮೇಲೆ ಎಲ್ಲದರ ಮೇಲೂ ಬೀಳುವ ಮ್ಯಾಟ್ ವಾರ್ನಿಷ್ ಹೊಳಪನ್ನು ಮುಚ್ಚಿಬಿಡುತ್ತದೆ. ಬಣ್ಣ, ಹೊಳಪು, ಡೆಕಾಲ್, ಮ್ಯಾಟ್: ಇಷ್ಟೇ ಕ್ರಮ. ಹೊಳಪಿನ ಪದರವನ್ನು ಒಂದು ದಿನವಾದರೂ ಒಣಗಲು ಬಿಡಬೇಕು, ಮೇಲೆ ಏನಾದರೂ ಮುಚ್ಚಬೇಕು. ಹತ್ತಿಯ ಕಾಲದಲ್ಲಿ ನಮ್ಮೂರಿನ ಗಾಳಿಯಲ್ಲಿ ತೇಲುವ ಎಳೆಗಳು ಹಸಿ ವಾರ್ನಿಷನ್ನೇ ಹುಡುಕಿಕೊಂಡು ಬರುತ್ತವೆ.

ಈಗಾಗಲೇ ಮಸುಕಾಗಿದ್ದರೆ ಸಣ್ಣ ಸೂಜಿಯಿಂದ ಆ ಜಾಗದಲ್ಲಿ ಕೆಲವು ಚುಚ್ಚು ಹಾಕಿ, ಡೆಕಾಲನ್ನು ಮೆದುಗೊಳಿಸುವ ದ್ರಾವಣದ (ಕೆಳಗೆ ಹೇಳಿರುವ ಮೈಕ್ರೋ ಸೋಲ್) ಒಂದು ಹನಿಯನ್ನು ಕುಂಚದಿಂದ ಇಟ್ಟರೆ ಅದು ರಂಧ್ರಗಳ ಮೂಲಕ ಅಡಿಗೆ ಇಳಿಯುತ್ತದೆ. ಕೆಲವು ಗಂಟೆ ಬಿಟ್ಟು ಮತ್ತೆ ಮಾಡಬೇಕು. ನನಗೆ ಮೂರು ಸಲ ಬೇಕಾಯಿತು.

ಎರಡು ಸೀಸೆಗಳು

ಎರಡೂ ಡೆಕಾಲ್ ಕೂರಿಸಲು ಬಳಸುವ ದ್ರಾವಣಗಳು. ಮೈಕ್ರೋ ಸೆಟ್ ಡೆಕಾಲ್ ಕೂರುವ ಜಾಗಕ್ಕೆ ಮೊದಲೇ ಸವರುವಂಥದ್ದು. ಮೈಕ್ರೋ ಸೋಲ್ ಕೂತ ಡೆಕಾಲಿನ ಮೇಲೆ ಸವರಿ ಅದನ್ನು ಮೆತ್ತಗಾಗಿಸಿ ವಿಮಾನದ ಮೈಮೇಲಿನ ಫಲಕಗಳ ನಡುವಿನ ಗೆರೆಗಳಿಗೆ ಇಳಿಸುವಂಥದ್ದು. ನಾನು ಇವನ್ನು ಅದಲುಬದಲು ಮಾಡಿದ್ದುಂಟು. ಚಪ್ಪಲಿಯ ಸೋಲ್ ಕೆಳಗಿದ್ದರೆ ಡೆಕಾಲಿನ ಸೋಲ್ ಮೇಲೆ, ಎಂದು ನೆನಪಿಟ್ಟುಕೊಂಡ ಮೇಲೆ ತಪ್ಪಲಿಲ್ಲ. ಸೋಲ್ ಸವರಿದಾಗ ಡೆಕಾಲ್ ಸುಕ್ಕುಗಟ್ಟಿ ಭಯ ಹುಟ್ಟಿಸುತ್ತದೆ, ಆದರೆ ಕೈ ಹಚ್ಚಬಾರದು; ಆಗ ಮುಟ್ಟಿದರೆ ಹರಿಯುತ್ತದೆ, ಬಿಟ್ಟರೆ ಒಣಗುತ್ತಾ ತಾನೇ ಬಿಗಿಯಾಗುತ್ತದೆ.

ನೀರು, ಬಿಸಿಲು

ನಮ್ಮ ಬೋರ್‌ವೆಲ್ ನೀರು ಗಡಸು; ಒಣಗಿದ ಮೇಲೆ ಬಕೆಟ್ಟಿನಲ್ಲಿ ಉಳಿಯುವ ಬಿಳಿ ಕಲೆಯೇ ಡೆಕಾಲಿನ ಸುತ್ತಲೂ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿದೆ. ಮೇ ತಿಂಗಳಲ್ಲಿ ಫ್ಯಾನಿನ ಕೆಳಗೆ ಕೂತರೆ ಡೆಕಾಲನ್ನು ಸರಿಸಿ ಹೊಂದಿಸುವ ಮೊದಲೇ ನೀರು ಆರಿಹೋಗುವುದರಿಂದ ಬೆಳಗಿನ ಜಾವವೇ ಲೇಸು.

ಅದೇ ಬಿಸಿಲು ಹಳೆಯ ಕಿಟ್‌ಗಳಿಗೆ ಉಪಕಾರಿ. ಹಳದಿಗಟ್ಟಿದ ಡೆಕಾಲ್ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮುದ್ರಿತ ಮುಖ ಹೊರಗಿರುವಂತೆ ಕಿಟಕಿಯ ಗಾಜಿಗೆ ಅಂಟಿಸಿದರೆ ಕೆಲವು ದಿನಗಳಲ್ಲಿ ಹಳದಿ ತಿಳಿಯಾಗುತ್ತದೆ. ಬಳಸುವ ಮೊದಲು ಬೇಡದ ಒಂದು ಅಂಕಿಯನ್ನು ನೆನೆಸಿ ನೋಡಬೇಕು. ಅದು ಚೂರಾದರೆ ಇಡೀ ಹಾಳೆಗೆ ಪಾರದರ್ಶಕ ವಾರ್ನಿಷ್ ಬಳಿದು ಒಣಗಿಸಿ, ಹೊಸ ಪೊರೆ ಎಲ್ಲವನ್ನೂ ಒಂದಾಗಿಸಿರುವುದರಿಂದ ಪ್ರತಿಯೊಂದನ್ನೂ ಅಂಚಿನ ಹತ್ತಿರದಲ್ಲೇ ಕತ್ತರಿಸಿಕೊಳ್ಳಬೇಕು.