ಒಳಗೆ ಬಂದ ಕೂಡಲೇ ತಲೆ ಎತ್ತಿ: ತಕಯಾಮಾದ ಎರಡು ವರ್ತಕರ ಮನೆಗಳು

ಜಪಾನಿನ ಗಿಫು ಪ್ರಾಂತ್ಯದ ತಕಯಾಮಾದಲ್ಲಿ ಹಳೆಯ ವರ್ತಕರ ಎರಡು ಮನೆಗಳು ಅಕ್ಕಪಕ್ಕದಲ್ಲೇ ಇವೆ. ಕುಸಾಕಾಬೆ ಮನೆತನದ್ದು 1875ರ ಬೆಂಕಿಗೆ ಆಹುತಿಯಾಗಿ 1879ರಲ್ಲಿ ಮತ್ತೆ ಎದ್ದದ್ದು. ಸಾಕೆ ಮದ್ಯ ತಯಾರಿಸುತ್ತಿದ್ದ ಯೋಶಿಜಿಮಾ ಮನೆತನದ್ದು 1907ರದು. ಎರಡನ್ನೂ ಒಂದೇ ದಿನ ನೋಡಿ. ಮೊದಲನೆಯದರಲ್ಲಿ ತೊಲೆಗಳ ದಪ್ಪ, ಗಟ್ಟಿತನ ಎದ್ದು ಕಾಣುತ್ತದೆ. ಎರಡನೆಯದರಲ್ಲಿ ಅದೇ ಮರಗೆಲಸ ಹಗುರಾಗಿ, ಬೆಳಕಿನ ಜೊತೆ ಸೇರಿಕೊಂಡಿದೆ.

ಬಾಗಿಲು ದಾಟಿದರೆ ಮೊದಲು ಸಿಗುವುದು ದೋಮಾ, ಚಪ್ಪಲಿ ಹಾಕಿಕೊಂಡೇ ಓಡಾಡುವ ನೆಲಮಟ್ಟದ ಹಜಾರ. ಬಹಳ ಜನ ಇಲ್ಲಿ ನಿಲ್ಲದೆ ಚಾಪೆ ಹಾಸಿದ ಕೋಣೆಗಳತ್ತ ನಡೆದುಬಿಡುತ್ತಾರೆ. ಮನೆಯ ಜೀವಾಳ ತಪ್ಪಿಹೋಗುವುದು ಅಲ್ಲೇ. ಎರಡು ನಿಮಿಷ ನಿಂತು ಕಣ್ಣು ಕತ್ತಲಿಗೆ ಹೊಂದಲು ಬಿಡಿ, ಆಮೇಲೆ ತಲೆ ಎತ್ತಿ. ಅಲ್ಲಿ ಮುಚ್ಚಿಗೆಯೇ ಇಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಗಿಡ್ಡಗಂಬ, ಅದರ ಮೇಲೆ ಅಡ್ಡಡ್ಡ ಇನ್ನೊಂದು ತೊಲೆ, ಹೀಗೆ ಸೂರಿನವರೆಗೂ. ಒಲೆಯ ಹೊಗೆ ಮೇಲೇರಲು ಜಾಗ ಬೇಕಿತ್ತು. ಬೆಳಕು ಎತ್ತರದ ಕಿಟಕಿಯಿಂದ ಇಳಿಯಬೇಕಿತ್ತು. ಯೋಶಿಜಿಮಾದಲ್ಲಿ ಆ ಬೆಳಕು ನಡುವಿನ ದೊಡ್ಡ ಕಂಬದ ಮೇಲೆ ಜಾರುವಾಗ, ಕೈಯಿಂದ ಕೈಗೆ ಉಜ್ಜಿಸಿಕೊಂಡು ಹೊಳಪೇರಿದ ಮರದ ಎಳೆ ಎಳೆಯೂ ಕಾಣುತ್ತದೆ.

ಫೋಟೋ ಇಲ್ಲೇ ಕೈಕೊಡುತ್ತದೆ. ಮೊಬೈಲು ಕಿಟಕಿಯ ಬೆಳಕಿಗೆ ಲೆಕ್ಕ ಹಾಕುವುದರಿಂದ ತೊಲೆಗಳೆಲ್ಲ ಕಪ್ಪಗಾಗುತ್ತವೆ. ಕಿಟಕಿಯನ್ನು ಚೌಕಟ್ಟಿನಿಂದ ಬಿಟ್ಟು, ಬೆಳಕು ಬಿದ್ದ ಕಂಬದ ಮೇಲೆ ಬೆರಳಿಟ್ಟು ತೆಗೆಯಿರಿ.

ಚಾಪೆಯ ಕೋಣೆಗೆ ಏರುವ ಮೊದಲು ಬೆನ್ನಚೀಲವನ್ನು ಎದೆಗೆ ತಂದುಕೊಳ್ಳಿ. ಹಾನಿ ಹೆಚ್ಚಾಗಿ ಆಗುವುದು ತಿರುಗುವಾಗ: ಚೀಲದ ಮೂಲೆ ತಗುಲಿದರೆ ಶೋಜಿ ಎಂಬ ಸರಿಯುವ ಬಾಗಿಲಿಗೆ ಅಂಟಿಸಿದ ಕಾಗದ ಹರಿಯುತ್ತದೆ, ಗೋಡೆಯ ಮಣ್ಣಿನ ಗಿಲಾವು ಉದುರುತ್ತದೆ. ಬರಿಗಾಲು ಬೇಡ, ಬೆವರು, ಚರ್ಮದ ಎಣ್ಣೆಯಂಶ ತತಾಮಿ ಚಾಪೆಗೆ ಕಲೆ ಹಚ್ಚುತ್ತವೆ. ಒಣ ಕಾಲುಚೀಲ ಹಾಕಿಕೊಳ್ಳಿ. ಹಿಮದ ದಿನವಾದರೆ ಒಂದು ಜೊತೆ ಹೆಚ್ಚಿಗೆ ಇರಲಿ. ಬೂಟಿನೊಳಗೆ ಒದ್ದೆಯಾದದ್ದು ಚಾಪೆಗೂ ತಾಗುತ್ತದೆ, ನೆಲವೂ ಕೊರೆಯುತ್ತದೆ. ಚಾಪೆಯ ಬಟ್ಟೆಯಂಚನ್ನು ತುಳಿಯದೆ ದಾಟಿ. ಗೋಡೆಯಲ್ಲಿ ಒಳಸರಿದ, ಚಿತ್ರಸುರುಳಿ ತೂಗುಹಾಕುವ ತೊಕೊನೊಮಾದೊಳಗೆ ಕಾಲಿಡುವುದಾಗಲಿ ಚೀಲ ಇಡುವುದಾಗಲಿ ಕೂಡದು.

ಮಹಡಿಗೆ ಹೋಗಲು ಬಿಟ್ಟರೆ, ಮೆಟ್ಟಿಲು ಕಡಿದಾಗಿರುತ್ತದೆ. ಇಳಿಯುವಾಗ ಏಣಿ ಇಳಿದಂತೆ ಮೆಟ್ಟಿಲಿಗೆ ಮುಖಮಾಡಿ, ಎರಡೂ ಕೈ ಖಾಲಿ ಇಟ್ಟುಕೊಂಡು ಇಳಿಯಿರಿ.